ಬೆಳಕಿಗೂ ಕತ್ತಲಿಗೂ ಒಂದೇ ಅಳತೆಯ ಕಣ್ಣುಪಾಪೆ



ನಮ್ಮ ಕನ್ನಡ ಕಾರ್ಯಕ್ರಮದ ನಡುವೆ ಒಮ್ಮೆ ನೋಯ್ಡಾದಿಂದ ಒಬ್ಬ ಅಜ್ಜಿಯ ಫೋನ್ ಬಂತು. ಹಾಡಿನ ಕೋರಿಕೆ ಇರಬೇಕು ಅಂದುಕೊಂಡೆ. ಅವರು ಕೇಳಿದ್ದು ಬೇರೆ. "ನಮ್ಮ ಮೊಮ್ಮಗಳ ಕಣ್ಣು ಎಷ್ಟು ಕಪ್ಪು, ಎಷ್ಟು ದೊಡ್ಡದು ಅಂತ ನೋಡಿದವರೆಲ್ಲ ಹೊಗಳ್ತಾರಪ್ಪ, ದಿನಾ ದೃಷ್ಟಿ ತೆಗೆದೇ ಸಾಕಾಯ್ತು. ಆದ್ರೆ ಮಗೂನ ಬಾಲ್ಕನಿಗೆ ಕರ್ಕೊಂಡು ಬಂದ್ರೆ ಸಾಕು, ಕಣ್ಣು ಮುಚ್ಚಿ ಅಳೋಕೆ ಶುರು. ಯಾಕಿರಬಹುದು?" ನಾನು ಡಾಕ್ಟರಲ್ಲ, ಕನ್ನಡ ಬಿ.ಎ. ಓದಿದವನು. "ಅಜ್ಜಿ, ತಡ ಮಾಡದೆ ಕಣ್ಣಿನ ಡಾಕ್ಟರಿಗೆ ತೋರಿಸಿ" ಎಂದಷ್ಟೇ ಹೇಳಿ ಮುಂದಿನ ಹಾಡು ಹಾಕಿದೆ. ಮಗುವಿಗೆ ಏನಿತ್ತು ಎಂಬುದು ಅವರ ಮನೆಯ ವಿಷಯ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದರ ಬೆನ್ನು ಹತ್ತಿ ಓದುತ್ತಾ ಹೋದಾಗ ಸಿಕ್ಕ ಒಂದು ಅಪರೂಪದ ಕಾಯಿಲೆಯ ವಿಷಯವನ್ನು ಈ ಬಾರಿ ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಮೊದಲು ಒಂದು ಮಾತು. ಮಗುವಿನ "ದೊಡ್ಡ ಕಣ್ಣು" ಎರಡು ಬಗೆಯದಿರಬಹುದು. ಕಣ್ಣುಗುಡ್ಡೆಯೇ, ಅದರ ಮುಂದಿನ ಪಾರದರ್ಶಕ ಭಾಗವಾದ ಕಾರ್ನಿಯಾವೇ ದೊಡ್ಡದಾಗಿದ್ದು, ನೀರು ಸುರಿಯುತ್ತಾ ಬೆಳಕಿಗೆ ಹೆದರುತ್ತಿದ್ದರೆ ಅದು ಹುಟ್ಟಿನಿಂದ ಬರುವ ಗ್ಲಾಕೋಮಾ ಇರಬಹುದು. ಅದಕ್ಕೆ ಬೇಗ ಆಪರೇಷನ್ ಬೇಕಾಗುತ್ತದೆ, ಕಾಯುವಂತಿಲ್ಲ. ಇನ್ನೊಂದು ಬಗೆಯಲ್ಲಿ ಕಣ್ಣಿನ ಗಾತ್ರ ಸರಿಯಾಗಿಯೇ ಇರುತ್ತದೆ. ನಡುವಿನ ಕರಿಯ ಪಾಪೆ ಮಾತ್ರ ಸದಾ ಅಗಲವಾಗಿ ತೆರೆದಿರುತ್ತದೆ. ನಾನು ಹೇಳಹೊರಟಿರುವುದು ಈ ಎರಡನೆಯದನ್ನು.

ನಮ್ಮ ಪಾಪೆ ಒಂದು ಕಿಟಕಿ ಇದ್ದಂತೆ. ಬಿಸಿಲಿನಲ್ಲಿ ಎರಡು ಮಿಲಿಮೀಟರಿನಷ್ಟು ಕಿರಿದಾಗುತ್ತದೆ, ಕತ್ತಲಲ್ಲಿ ಏಳೆಂಟು ಮಿಲಿಮೀಟರಿನವರೆಗೂ ತೆರೆದುಕೊಳ್ಳುತ್ತದೆ. ಕಿರಿದು ಮಾಡುವುದು ಅದರ ಸುತ್ತ ಬಳೆಯಂತೆ ಇರುವ ಒಂದು ಪುಟ್ಟ ಸ್ನಾಯು. ಊರಿನಲ್ಲಿ ಬೆಳೆದವರಿಗೆ ದತ್ತೂರಿ ಗಿಡ ಗೊತ್ತೇ ಇರುತ್ತದೆ. ಅದರ ರಸ ತಾಗಿದ ಕೈಯಲ್ಲಿ ಕಣ್ಣು ಉಜ್ಜಿಕೊಂಡರೆ ಪಾಪೆ ಹಿಗ್ಗಿ, ಬೆಳಕು ಚುಚ್ಚುತ್ತದೆ. ಅದರಲ್ಲಿರುವ ಅಟ್ರೋಪಿನ್ ಆ ಸ್ನಾಯುವನ್ನು ಕೆಲಕಾಲ ಸುಮ್ಮನಾಗಿಸುತ್ತದೆ. ಕಣ್ಣಿನ ಆಸ್ಪತ್ರೆಯಲ್ಲಿ "ಡ್ರಾಪ್ಸ್ ಹಾಕಿದ್ದೇವೆ, ಅರ್ಧ ಗಂಟೆ ಕೂತಿರಿ" ಎನ್ನುವಾಗ ನಡೆಯುವುದೂ ಹೆಚ್ಚುಕಡಿಮೆ ಇದೇ. ನಮಗಾದರೆ ಕೆಲವು ಗಂಟೆಗಳಲ್ಲೋ ದಿನಗಳಲ್ಲೋ ಸರಿಹೋಗುತ್ತದೆ. ಈ ಕಾಯಿಲೆಯ ಮಕ್ಕಳಲ್ಲಿ ಆ ಬಳೆಸ್ನಾಯು ಹುಟ್ಟಿನಿಂದಲೇ ಸರಿಯಾಗಿ ಬೆಳೆದಿರುವುದಿಲ್ಲ. ಕಿಟಕಿಗೆ ಬಾಗಿಲೇ ಇಲ್ಲ ಅನ್ನಿ.

(ಅಂದ ಹಾಗೆ, ಪಾಪೆ ಎಂದರೆ ಕನ್ನಡದಲ್ಲಿ ಗೊಂಬೆ ಎಂಬ ಅರ್ಥವೂ ಇದೆ. ಎದುರಿನವರ ಕಣ್ಣಿನಲ್ಲಿ ನಮ್ಮದೇ ಪುಟ್ಟ ಬಿಂಬ ಗೊಂಬೆಯಂತೆ ಕಾಣುತ್ತದಲ್ಲ, ಅದಕ್ಕೇ ಇರಬೇಕು. ಇಂಗ್ಲಿಷಿನ ಪ್ಯೂಪಿಲ್ ಎಂಬ ಪದದ ಲ್ಯಾಟಿನ್ ಮೂಲಕ್ಕೂ ಪುಟ್ಟ ಗೊಂಬೆ ಎಂದೇ ಅರ್ಥ!)

ಹಾಗಾದರೆ ಇದು ಬರೀ ಕಣ್ಣಿನ ತೊಂದರೆ, ತಂಪು ಕನ್ನಡಕ ಹಾಕಿದರೆ ಮುಗಿಯಿತು ಎನ್ನುವಿರಾ? ಇಲ್ಲೇ ಇರುವುದು ಅಪಾಯ. ಪಾಪೆಯ ಬಳೆಸ್ನಾಯು ನಾವು ಬಯಸಿದಾಗ ಆಡಿಸುವ ತೋಳಿನ ಸ್ನಾಯುವಿನಂಥದಲ್ಲ. ಡಾಕ್ಟರರು ಸ್ಮೂತ್ ಮಸಲ್ ಎನ್ನುವ, ಶಾಲೆಯ ಪುಸ್ತಕದಲ್ಲಿ ಅನೈಚ್ಛಿಕ ಸ್ನಾಯು ಎಂದು ಓದಿದ ಜಾತಿಯದು. ಈ ಜಾತಿಯ ಸ್ನಾಯು ಅಪಧಮನಿಗಳ ಗೋಡೆಯಲ್ಲಿದೆ, ಕರುಳಿನಲ್ಲಿದೆ, ಮೂತ್ರಕೋಶದಲ್ಲಿದೆ, ಶ್ವಾಸಕೋಶದ ರಕ್ತನಾಳಗಳಲ್ಲಿದೆ. ಇವು ಸಂಕುಚಿಸಲು ಬೇಕಾದ ಆಕ್ಟಿನ್ ಎಂಬ ಪ್ರೋಟೀನಿನ ಒಂದು ಬಗೆಯನ್ನು ತಯಾರಿಸುವ ಸೂಚನೆ ಎಸಿಟಿಎ2 ಎಂಬ ಜೀನಿನಲ್ಲಿರುತ್ತದೆ. ಈ ಜೀನಿನ ದೋಷಗಳಿಂದ ಮಹಾಪಧಮನಿ ಉಬ್ಬಿ ಸೀಳುವ ಕಾಯಿಲೆ ಬರುತ್ತದೆ ಎಂದು 2007ರಲ್ಲಿ ಗೊತ್ತಾಯಿತು. 2010ರಲ್ಲಿ ಅಮೆರಿಕದ ಹ್ಯೂಸ್ಟನ್ನಿನ ಡಾ. ಡಯಾನಾ ಮಿಲೆವಿಚ್ ಮತ್ತು ಸಂಗಡಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅದೇ ಪ್ರೋಟೀನಿನ 179ನೇ ಸ್ಥಾನದಲ್ಲಿ ಇರಬೇಕಾದ ಆರ್ಜಿನಿನ್ ಬದಲು ಹಿಸ್ಟಿಡಿನ್ ಬಂದು ಕೂತರೆ ಮೈಯಲ್ಲಿರುವ ಈ ಜಾತಿಯ ಸ್ನಾಯುವೆಲ್ಲ ಒಟ್ಟಿಗೇ ದುರ್ಬಲವಾಗುತ್ತದೆ ಎಂದು ತೋರಿಸಿಕೊಟ್ಟರು. ಕಾಯಿಲೆಯ ಹೆಸರು ಉದ್ದ: ಮಲ್ಟಿಸಿಸ್ಟಮಿಕ್ ಸ್ಮೂತ್ ಮಸಲ್ ಡಿಸ್‌ಫಂಕ್ಷನ್ ಸಿಂಡ್ರೋಮ್. ನಾವು ಬಹು ಅಂಗಗಳ ನಯಸ್ನಾಯು ದೋಷ ಎನ್ನೋಣ.

ಅಕ್ಷರ ಒಂದೇ ತಪ್ಪಿದೆ, ಪರಿಣಾಮ ಮಾತ್ರ ಮೈತುಂಬ. ಹುಟ್ಟಿದ ಮೇಲೆ ತಾನಾಗಿ ಮುಚ್ಚಿಕೊಳ್ಳಬೇಕಾದ ಹೃದಯದ ಬಳಿಯ ಒಂದು ನಾಳ, ಪಿಡಿಎ ಎನ್ನುತ್ತಾರಲ್ಲ ಅದು, ಮುಚ್ಚದೆ ಅಗಲವಾಗಿ ಉಳಿಯುತ್ತದೆ. ಮಹಾಪಧಮನಿ ಚಿಕ್ಕ ವಯಸ್ಸಿನಲ್ಲೇ ಉಬ್ಬತೊಡಗುತ್ತದೆ. ಶ್ವಾಸಕೋಶದ ರಕ್ತದೊತ್ತಡ ಏರಬಹುದು. ಮೂತ್ರಕೋಶ ಪೂರ್ತಿ ಖಾಲಿಯಾಗುವುದಿಲ್ಲ, ಕರುಳು ನಿಧಾನ. ಎಲ್ಲಕ್ಕಿಂತ ಭಯಪಡಬೇಕಾದದ್ದು ಮಿದುಳಿಗೆ ಹೋಗುವ ಅಪಧಮನಿಗಳು ಕಿರಿದಾಗುವುದನ್ನು. ಎಳೆಯ ಮಕ್ಕಳಿಗೇ ಪಾರ್ಶ್ವವಾಯು ಬಡಿಯಬಹುದು.

ಈಗ ಕಣ್ಣಿನ ಚಿತ್ರಗಳಿಗೆ ಬರೋಣ. ಮೈಯಲ್ಲಿ ಕತ್ತರಿ ಹಾಕದೆ, ಎಕ್ಸ್‌ರೇ ಇಲ್ಲದೆ, ರಕ್ತನಾಳಗಳನ್ನು ನೇರವಾಗಿ ನೋಡಬಹುದಾದ ಜಾಗ ಕಣ್ಣಿನ ಹಿಂಭಾಗದ ರೆಟಿನಾ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಅದನ್ನು ನೋಡುವ ಉಪಕರಣದ ಬಗ್ಗೆ ಬರೆದ. ಇಂದು ಫಂಡಸ್ ಕ್ಯಾಮೆರಾ ಅದನ್ನೇ ಬಣ್ಣದ ಫೋಟೋ ಮಾಡಿ ಕೊಡುತ್ತದೆ. ನಯಸ್ನಾಯು ದೋಷವಿರುವ ಮಕ್ಕಳ ಆ ಫೋಟೋದಲ್ಲಿ ಸಣ್ಣ ಅಪಧಮನಿಗಳು ಮಳೆಗಾಲದ ಹಳ್ಳದಂತೆ ಅಂಕುಡೊಂಕಾಗಿ ಹರಿದಿರುತ್ತವೆ. ಅದೇ ಮಗುವಿನ ಮಿದುಳಿನ ರಕ್ತನಾಳಗಳ ಎಂಆರ್ ಆಂಜಿಯೋ ತೆಗೆದರೆ? ಅಲ್ಲಿ ಸಹಜವಾಗಿ ಬಳುಕಬೇಕಾದ ಅಪಧಮನಿಗಳು ಹಿಡಿಕಡ್ಡಿ ಇಟ್ಟಂತೆ ನೆಟ್ಟಗೆ! ಕಣ್ಣಿನಲ್ಲಿ ವಕ್ರ, ಮಿದುಳಿನಲ್ಲಿ ನೇರ. ಈ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ನಾನಂತೂ ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ.

ಮಿದುಳಿನ ಚಿತ್ರ ನೋಡಿ ಇದನ್ನು ಮೊಯಮೊಯ ಎಂಬ ಕಾಯಿಲೆ ಎಂದುಕೊಳ್ಳುವುದುಂಟು. ಜಪಾನೀ ಭಾಷೆಯಲ್ಲಿ ಅದು ಹೊಗೆಯ ಮಬ್ಬನ್ನು ಸೂಚಿಸುವ ಪದ. ಆ ಕಾಯಿಲೆಯಲ್ಲಿ ಕಿರಿದಾದ ನಾಳಗಳ ಸುತ್ತ ಹೊಗೆಯಂತೆ ಕಾಣುವ ಸಣ್ಣ ನಾಳಗಳ ಗೊಂಚಲು ಬೆಳೆಯುತ್ತದೆ. ನಯಸ್ನಾಯು ದೋಷದಲ್ಲಿ ಆ ಗೊಂಚಲು ಇರುವುದಿಲ್ಲ. ಈ ವ್ಯತ್ಯಾಸ ಗೊತ್ತಿರುವವರ ಕೈಗೆ ಚಿತ್ರ ಸಿಕ್ಕರೆ, ಅವರು ಕೇಳುವ ಮೊದಲ ಪ್ರಶ್ನೆ "ಮಗುವಿನ ಪಾಪೆ ಹೇಗಿದೆ?" ಎಂದೇ.

ಕಣ್ಣಿನ ಮುಂಭಾಗದ ಚಿತ್ರವೂ ಅಷ್ಟೇ ಮುಖ್ಯ. ಓಸಿಟಿ ಎಂಬ ಯಂತ್ರದ ಹೆಸರು ಸಕ್ಕರೆ ಕಾಯಿಲೆ ಇರುವ ಹಿರಿಯರ ಮನೆಯಲ್ಲಿ ಕೇಳಿರುತ್ತೀರಿ. 1991ರಲ್ಲಿ ಅಮೆರಿಕದ ಎಂಐಟಿಯ ತಂಡವೊಂದು ಅದನ್ನು ಜಗತ್ತಿಗೆ ಪರಿಚಯಿಸಿತು. ಅಲ್ಟ್ರಾಸೌಂಡ್ ಶಬ್ದದಿಂದ ಮಾಡುವ ಕೆಲಸವನ್ನು ಇದು ಬೆಳಕಿನಿಂದ ಮಾಡುತ್ತದೆ, ಪದರ ಪದರವಾಗಿ ಸೀಳಿ ನೋಡಿದ ಹಾಗೆ ತೋರಿಸುತ್ತದೆ. ಕಣ್ಣಿನ ಮುಂಭಾಗಕ್ಕೆ ಇದನ್ನು ಹಿಡಿದರೆ ಪಾಪೆಯ ಸುತ್ತಲಿನ ಬಣ್ಣದ ಪರದೆ, ಅಂದರೆ ಐರಿಸ್, ತೆಳುವಾಗಿರುವುದು ಕಾಣುತ್ತದೆ. ಬಳೆಸ್ನಾಯು ಇರಬೇಕಾದ ಅಂಚು ಬರಿದಾಗಿರುತ್ತದೆ. ಇದು ಯಾಕೆ ಬೇಕೆಂದರೆ, ಐರಿಸ್ ಹುಟ್ಟಿನಿಂದಲೇ ಇಲ್ಲದ ಅನಿರಿಡಿಯಾ ಎಂಬ ಬೇರೆ ಕಾಯಿಲೆಯೂ ಇದೆ. ಅದರ ಒಂದು ಬಗೆಯಲ್ಲಿ ಮೂತ್ರಪಿಂಡದ ಗಡ್ಡೆಗಾಗಿ ಹುಡುಕಬೇಕು. ನಯಸ್ನಾಯು ದೋಷದಲ್ಲಾದರೆ ಹೃದಯ, ಮಿದುಳು ನೋಡಬೇಕು. ಹೆಸರು ತಪ್ಪಿದರೆ ಹುಡುಕುವ ಜಾಗವೇ ತಪ್ಪುತ್ತದೆ.

ಒಂದು ಎಚ್ಚರಿಕೆ. ರೆಟಿನಾದ ನಾಳಗಳು ಡೊಂಕಾಗಿರುವುದು ಬೇರೆ ಕಾರಣಗಳಿಗೂ ಇರುತ್ತದೆ. ಪಾಪೆ ದೊಡ್ಡದಾಗಲು ತಲೆಗೆ ಬಿದ್ದ ಪೆಟ್ಟು, ನರದ ತೊಂದರೆ, ಕಣ್ಣಿಗೆ ಬಿದ್ದ ಔಷಧಿ ಇವೂ ಕಾರಣವಾಗಬಹುದು. ಮೊನ್ನೆವರೆಗೆ ಸರಿಯಿದ್ದ ಪಾಪೆ ದಿಢೀರನೆ ಹಿಗ್ಗಿದ್ದರೆ ಅದು ತುರ್ತು, ಅಂದೇ ಆಸ್ಪತ್ರೆಗೆ ಹೋಗಬೇಕು. ಎರಡೂ ಪಾಪೆ ಹುಟ್ಟಿನಿಂದಲೇ ಹಿಗ್ಗಿದ್ದು, ಬೆಳಕಿಗೆ ಅಲುಗದೆ, ಜೊತೆಗೆ ಪಿಡಿಎ ಕೂಡ ಇದ್ದರೆ ಆಗ ಎಸಿಟಿಎ2 ನೆನಪಾಗಬೇಕು.

ನಮ್ಮಂಥವರಲ್ಲಿ ಇನ್ನೊಂದು ತೊಡಕಿದೆ. ನೀಲಿ ಕಣ್ಣಿನ ಮಗುವಾದರೆ ಕರಿಯ ಪಾಪೆ ದೂರದಿಂದಲೇ ಎದ್ದು ಕಾಣುತ್ತದೆ. ನಮ್ಮ ಕಡುಕಂದು ಕಣ್ಣಿನಲ್ಲಿ ಪಾಪೆ ಎಲ್ಲಿ ಮುಗಿಯಿತು, ಐರಿಸ್ ಎಲ್ಲಿ ಶುರುವಾಯಿತು ಎಂದು ಮೇಲ್ನೋಟಕ್ಕೆ ತಿಳಿಯುವುದೇ ಇಲ್ಲ. "ಏನು ಚೆಂದದ ಕಪ್ಪು ಕಣ್ಣು" ಎಂದು ಕಾಡಿಗೆ ತೀಡಿ ಸುಮ್ಮನಾಗುತ್ತೇವೆ. ಮಗುವನ್ನು ಕಿಟಕಿಯ ಹತ್ತಿರ, ಆಮೇಲೆ ಮಂದ ಬೆಳಕಿನಲ್ಲಿ ಎತ್ತಿಕೊಂಡು ನೋಡಿ. ಪಾಪೆಯ ಅಳತೆ ಬದಲಾಗಬೇಕು. ಬದಲಾಗದಿದ್ದರೆ ಮಕ್ಕಳ ಡಾಕ್ಟರಿಗೆ ಹೇಳಿ.

ದೆಹಲಿಯಲ್ಲಿರುವ ನಮಗೆ ಒಂದು ಅನುಕೂಲವಿದೆ. 1967ರಲ್ಲಿ ಆರಂಭವಾದ ಡಾ. ರಾಜೇಂದ್ರ ಪ್ರಸಾದ್ ನೇತ್ರ ಕೇಂದ್ರ ಇರುವುದು ಅನ್ಸಾರಿ ನಗರದ ಏಮ್ಸ್ ಆವರಣದಲ್ಲೇ. ಹೃದಯ ಮತ್ತು ಮಿದುಳಿನ ವಿಭಾಗಗಳೂ, ಮಕ್ಕಳ ಜೆನೆಟಿಕ್ಸ್ ತಜ್ಞರೂ ಅದೇ ಆವರಣದಲ್ಲಿದ್ದಾರೆ. ಹಳದಿ ಲೈನಿನ ಮೆಟ್ರೋ ಬಾಗಿಲಿಗೇ ಬಿಡುತ್ತದೆ. ಸರತಿ ಸಾಲು ಎಷ್ಟುದ್ದ ಎಂಬುದು ನಿಮಗೇ ಗೊತ್ತು, ಅದನ್ನು ನಾನು ಹೇಳಬೇಕಿಲ್ಲ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿ ಉತ್ಕೃಷ್ಟತಾ ಕೇಂದ್ರಗಳೆಂದು ಗುರುತಿಸಿದ ಸಂಸ್ಥೆಗಳಲ್ಲಿ ಏಮ್ಸ್ ಒಂದು, ದೆಹಲಿಯ ಮೌಲಾನಾ ಆಜಾದ್ ಮೆಡಿಕಲ್ ಕಾಲೇಜು ಇನ್ನೊಂದು.

ಊರಿನಲ್ಲಿರುವ ಅಣ್ಣನ, ಅಕ್ಕನ ಮಕ್ಕಳ ಬಗ್ಗೆ ಯೋಚನೆಯೇ? ಹಸುಗೂಸಿನ ರೆಟಿನಾ ಫೋಟೋ ತೆಗೆಯುವುದರಲ್ಲಿ ಕರ್ನಾಟಕ ದೇಶಕ್ಕೇ ದಾರಿ ತೋರಿಸಿದೆ ಎಂದು ಹೆಮ್ಮೆಯಿಂದ ಹೇಳಬಹುದು. ಬೆಂಗಳೂರಿನ ನಾರಾಯಣ ನೇತ್ರಾಲಯದಿಂದ 2008ರಲ್ಲಿ ಕಿಡ್‌ರಾಪ್ ಎಂಬ ಯೋಜನೆ ಹೊರಟಿತು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾವನ್ನು ಗಾಡಿಯಲ್ಲಿ ಹೇರಿಕೊಂಡು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗುತ್ತಾರೆ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಕಣ್ಣಿನ ಚಿತ್ರ ತೆಗೆದು ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸುತ್ತಾರೆ. ದೂರದಲ್ಲಿರುವ ತಜ್ಞರು ಆ ಚಿತ್ರಗಳನ್ನು ನೋಡಿ ಹೇಳುತ್ತಾರೆ. ಅದು ಬೇರೆ ಕಾಯಿಲೆಗಾಗಿ ಮಾಡಿದ ಏರ್ಪಾಡು ನಿಜ. ಆದರೆ ಹಸುಗೂಸಿನ ಕಣ್ಣಿನ ಫೋಟೋ ಎಂದರೆ ವಿದೇಶಕ್ಕೇ ಹೋಗಬೇಕು ಎಂಬ ಕಾಲ ಹೋಯಿತು. ಜೀನಿನ ಸಲಹೆಗೆ ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ ಇದೆ.

ರಕ್ತದ ಪರೀಕ್ಷೆಯಿಂದ ಜೀನಿನ ದೋಷ ಖಚಿತವಾಗುತ್ತದೆ. ಬಹುಪಾಲು ಮಕ್ಕಳಲ್ಲಿ ಇದು ಹೊಸದಾಗಿ ಹುಟ್ಟಿದ ದೋಷ, ತಂದೆ ತಾಯಿಯಲ್ಲಿ ಇರುವುದಿಲ್ಲ. ಆದ್ದರಿಂದ ಸೊಸೆಯ ಕಡೆಯದೋ ಮಗನ ಕಡೆಯದೋ, ಗ್ರಹಣದಲ್ಲಿ ಹೊರಗೆ ಬಂದಿದ್ದಳೋ ಎಂಬ ಪಂಚಾಯಿತಿ ದಯವಿಟ್ಟು ಬೇಡ. ದೋಷವಿರುವವರು ಬೆಳೆದು ಮಕ್ಕಳನ್ನು ಪಡೆಯುವಾಗ ಮಾತ್ರ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ.

ಕಾಯಿಲೆಯನ್ನು ಬೇರಿನಿಂದ ಗುಣಪಡಿಸುವ ಔಷಧಿ ವೈದ್ಯರ ಕೈಗೆ ಬಂದಿಲ್ಲ. ಪಿಡಿಎ ಮುಚ್ಚುವುದು, ಮಹಾಪಧಮನಿಯನ್ನು ಎಕೋ ಮತ್ತು ಸ್ಕ್ಯಾನ್‌ಗಳಲ್ಲಿ ಕಾಯುತ್ತಾ ಉಬ್ಬು ಮಿತಿಮೀರುವ ಮೊದಲು ಆಪರೇಷನ್ ಮಾಡುವುದು, ಮಿದುಳಿನ ಎಂಆರ್‌ಐ ತೆಗೆಸುತ್ತಿರುವುದು, ಇವು ಮಾಡಬಹುದಾದ ಕೆಲಸಗಳು. ಕಣ್ಣಿಗೆ ಬಣ್ಣದ ಕನ್ನಡಕ, ಹತ್ತಿರದ್ದು ಮಸುಕಾದರೆ ಓದುವ ಕನ್ನಡಕ. ಶಾಲೆಯಲ್ಲಿ ಕಿಟಕಿಗೆ ಬೆನ್ನು ಮಾಡಿ ಕೂರಿಸಲು ಟೀಚರಿಗೆ ಒಂದು ಚೀಟಿ.

ಕೊನೆಯದಾಗಿ ಒಂದು ವಿಷಯ, ಇದನ್ನು ಬೇಕಾದರೆ ಕತ್ತರಿಸಿ ಇಟ್ಟುಕೊಳ್ಳಿ. ಈ ಮಕ್ಕಳಿಗೆ ರಕ್ತದೊತ್ತಡ ಕುಸಿದರೆ ಮಿದುಳಿಗೆ ರಕ್ತ ಸಾಲದೆ ಪಾರ್ಶ್ವವಾಯು ಆಗಬಹುದು. ಮೇ ತಿಂಗಳ ದೆಹಲಿಯ ಬಿಸಿಲಿನಲ್ಲಿ ವಾಂತಿ ಭೇದಿಯಾಗಿ ನೀರಿನಂಶ ಕಡಿಮೆಯಾದರೂ ಅಪಾಯವೇ. ಅರಿವಳಿಕೆ ಕೊಡುವಾಗಲೂ ಹಾಗೆಯೇ, ಅದು ಎಷ್ಟೇ ಸಣ್ಣ ಆಪರೇಷನ್ನಿಗಾದರೂ ಸರಿ. ಆದ್ದರಿಂದ ಅರಿವಳಿಕೆ ತಜ್ಞರಿಗೆ ಮುಂಚೆಯೇ ಹೇಳಬೇಕು, ಫೈಲಿನ ಮೊದಲ ಪುಟದಲ್ಲೇ ಬರೆಸಿಡಬೇಕು. ಜೊತೆಗೆ "ಈ ಮಗುವಿನ ಪಾಪೆ ಸದಾ ಹಿಗ್ಗಿರುತ್ತದೆ" ಎಂಬುದನ್ನೂ ಬರೆಸಿ. ಎಂದಾದರೂ ಮಗು ಪ್ರಜ್ಞೆ ತಪ್ಪಿ ತುರ್ತು ವಿಭಾಗಕ್ಕೆ ಹೋದರೆ, ಅಲ್ಲಿನ ಡಾಕ್ಟರ್ ಮೊದಲು ಟಾರ್ಚ್ ಬಿಡುವುದು ಕಣ್ಣಿಗೆ. ಅಲುಗದ ಪಾಪೆಯನ್ನು ಕಂಡು ಅವರು ಮಿದುಳಿಗೆ ಭಾರೀ ಪೆಟ್ಟಾಗಿದೆ ಎಂದುಕೊಳ್ಳುವ ಮೊದಲೇ ಆ ಒಂದು ಸಾಲು ಅವರ ಕಣ್ಣಿಗೆ ಬೀಳಲಿ.