ಯೀಸ್ಟ್ ತಿಂದ ಸಕ್ಕರೆಯ ಲೆಕ್ಕ

ಜೈವಿಕ ತಂತ್ರಜ್ಞಾನ ಅಂದಕೂಡಲೇ ನಮ್ಮ ಕಣ್ಣು ಬೆಂಗಳೂರಿನ ಕಡೆ ತಿರುಗುತ್ತದೆ. ಅದಕ್ಕೆ ಕಾರಣವೂ ಇದೆ. ಪರಂಗಿ ಹಣ್ಣಿನಿಂದ ಪಪೈನ್ ಎಂಬ ಕಿಣ್ವ ತೆಗೆದು ರಫ್ತು ಮಾಡುತ್ತ 1978ರಲ್ಲಿ ಶುರುವಾದ ಬಯೋಕಾನ್ ಅಲ್ಲಿಯದು. ರಾಜ್ಯ ಸರ್ಕಾರ 2001ರಷ್ಟು ಹಿಂದೆಯೇ ಬಯೋಟೆಕ್ ನೀತಿ ತಂದಿತು. ಉದ್ಯಮದ ಪರವಾಗಿ ದೆಹಲಿಯ ಜೊತೆ ಮಾತಾಡಲು 2003ರಲ್ಲಿ ಕಟ್ಟಿಕೊಂಡ 'ಏಬಲ್' ಸಂಘಕ್ಕೂ ಬಯೋಕಾನ್‌ನ ಕಿರಣ್ ಮಜುಂದಾರ್ ಶಾ ಅವರೇ ಮೊದಲ ಅಧ್ಯಕ್ಷರು. ಈ ಸಂಘ ಮತ್ತು ಕೇಂದ್ರದ 'ಬಿರಾಕ್' ಸಂಸ್ಥೆ ದೇಶದ 'ಜೈವಿಕ ಆರ್ಥಿಕತೆ'ಯ ಗಾತ್ರವನ್ನು ಆಗಾಗ ಅಂಕಿಗಳಲ್ಲಿ ಮುಂದಿಡುತ್ತವೆ: 2014ರಲ್ಲಿ 10 ಬಿಲಿಯನ್ ಡಾಲರ್, 2024ರಲ್ಲಿ 165 ಬಿಲಿಯನ್, 2030ಕ್ಕೆ 300 ಬಿಲಿಯನ್ ಗುರಿ. ಅಂಕಿ ದೊಡ್ಡದೇ. ಆದರೆ ಅದನ್ನು ಬಿಡಿಸಿ ನೋಡಿದರೆ ಹೆಚ್ಚುಕಡಿಮೆ ಅರ್ಧ ಪಾಲು ಲಸಿಕೆಯದೂ ಅಲ್ಲ, ಇನ್ಸುಲಿನ್ನಿನದೂ ಅಲ್ಲ. 'ಜೈವಿಕ ಕೈಗಾರಿಕೆ' ಎಂಬ ಖಾತೆಯಲ್ಲಿ ಬರುವ ಇಂಧನ, ರಾಸಾಯನಿಕ, ಕಿಣ್ವಗಳದು ಅದು, ಮತ್ತು ಆ ಖಾತೆಯ ದೊಡ್ಡ ಸರಕು ಎಥೆನಾಲ್. ಹಾಗಾಗಿ ರಾಷ್ಟ್ರದ ಬಯೋಟೆಕ್ ಬೆಳವಣಿಗೆಯ ಒಂದು ತುದಿ ಬಾಗಲಕೋಟೆ ಜಿಲ್ಲೆಯ ಕಬ್ಬಿನ ಹೊಲಗಳಲ್ಲಿದೆ.

ಕೃಷ್ಣಾ ಮತ್ತು ಘಟಪ್ರಭೆಯ ನಡುವಿನ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳ ನೆಲ ಇವತ್ತು ಬಹುಪಾಲು ಕಬ್ಬಿನದು. ಮಹಾಲಿಂಗಪುರದ ಬಳಿಯ ಸಮೀರವಾಡಿಯಲ್ಲಿ ಗೋದಾವರಿ ಬಯೋರಿಫೈನರೀಸ್, ಮುಧೋಳದಲ್ಲಿ ನಿರಾಣಿ ಸಮೂಹ, ಹಿರೇಪಡಸಲಗಿಯಲ್ಲಿ ಜಮಖಂಡಿ ಶುಗರ್ಸ್, ಸಿದ್ದಾಪುರದಲ್ಲಿ ಪ್ರಭುಲಿಂಗೇಶ್ವರ, ಬಾಡಗಂಡಿಯಲ್ಲಿ ಬೀಳಗಿ ಶುಗರ್ಸ್. ಈ ಕಬ್ಬಿಗೆ ನೀರು ತಾನಾಗಿ ಒದಗಿ ಬಂದದ್ದಲ್ಲ. ಚಿಕ್ಕಪಡಸಲಗಿಯಲ್ಲಿ ರೈತರೇ ಚಂದಾ ಎತ್ತಿ, ಮೈಮುರಿದು ದುಡಿದು ಕೃಷ್ಣೆಗೆ ಬ್ಯಾರೇಜ್ ಕಟ್ಟಿಕೊಂಡರು. 1989ರಲ್ಲಿ ಮುಗಿದ ಆ 'ಶ್ರಮಬಿಂದು ಸಾಗರ'ದ ಮುಂದಾಳು ಸಿದ್ದು ನ್ಯಾಮಗೌಡರು 1991ರಲ್ಲಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿ ಲೋಕಸಭೆಗೆ ಹೋದರು. ಇಲ್ಲಿಯ ಕಬ್ಬಿನಲ್ಲಿ ರೈತನ ಬಂಡವಾಳ ಎಷ್ಟು ಆಳಕ್ಕೆ ಇಳಿದಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ನನ್ನ ವಾದ ಇಷ್ಟೇ: ಈ ಕಬ್ಬು ಈಗ ಸಕ್ಕರೆಯ ಕಚ್ಚಾಮಾಲಾಗಿ ಮಾತ್ರ ಉಳಿದಿಲ್ಲ, ಒಂದು ಸೂಕ್ಷ್ಮಜೀವಿಯ ಮೇವೂ ಆಗಿದೆ. ಅದನ್ನು ಅಳೆಯುವ ಮಾಪಕ ಮಾತ್ರ ಹಳೆಯದೇ ಉಳಿದಿದೆ. ಮಾಪಕ ಬದಲಾಗದೆ ಜೈವಿಕ ಉದ್ಯಮದ ಬೆಳವಣಿಗೆ ಈ ತಾಲ್ಲೂಕುಗಳ ಬೆಳವಣಿಗೆ ಆಗುವುದಿಲ್ಲ.

ಯೀಸ್ಟ್‌ನಿಂದ ಹುಳಿ ಬರಿಸುವುದು ಅಜ್ಜಂದಿರ ಕಾಲದ ವಿದ್ಯೆ, ಅದನ್ನು ಬಯೋಟೆಕ್ ಎನ್ನುವುದು ಬರೀ ಡೌಲು ಎಂದು ಮೂಗು ಮುರಿಯುವವರಿದ್ದಾರೆ. ತೊಟ್ಟಿಯೊಳಗೆ ಇಣುಕಿದರೆ ಹಾಗನ್ನಿಸುವುದಿಲ್ಲ. ಕಾಕಂಬಿಯನ್ನೋ ಕಬ್ಬಿನ ಹಾಲನ್ನೋ ನೀರು ಬೆರೆಸಿ ಹದ ಮಾಡಿ, ಲಕ್ಷಗಟ್ಟಲೆ ಲೀಟರ್ ಹಿಡಿಯುವ ಉಕ್ಕಿನ ತೊಟ್ಟಿಗೆ ತುಂಬಿ ಯೀಸ್ಟ್ ಬಿಡುತ್ತಾರೆ. 180 ಗ್ರಾಂ ಗ್ಲೂಕೋಸ್ ಒಡೆದರೆ ಹೆಚ್ಚೆಂದರೆ 92 ಗ್ರಾಂ ಆಲ್ಕೋಹಾಲ್, ಉಳಿದ 88 ಗ್ರಾಂ ಇಂಗಾಲದ ಡೈಆಕ್ಸೈಡ್ ಆಗಿ ನೊರೆಯೆಬ್ಬಿಸುತ್ತ ಹಾರಿಹೋಗುತ್ತದೆ. ಇದು ರಸಾಯನಶಾಸ್ತ್ರ ಹಾಕಿಟ್ಟ ಮಿತಿ, ಯಾವ ಕಂಪನಿಯೂ ದಾಟಲಾರದು. ಮಿತಿಯ ಎಷ್ಟು ಹತ್ತಿರಕ್ಕೆ ಹೋಗುತ್ತೇವೆ ಎಂಬುದರಲ್ಲಿ ಕಸುಬು ಇರುವುದು. ಸಕ್ಕರೆ ಒಡೆಯುವಾಗ ಶಾಖ ಹುಟ್ಟುತ್ತದೆ. ಯೀಸ್ಟ್‌ಗೆ ಹಿತವೆನಿಸುವುದು 30ರಿಂದ 34 ಡಿಗ್ರಿ, ಆದರೆ ಮುಧೋಳದ ಬೇಸಿಗೆ 40 ಡಿಗ್ರಿಗೆ ಏರುತ್ತದೆ. ಆದ್ದರಿಂದ ತೊಟ್ಟಿಯ ರಸವನ್ನು ಸತತವಾಗಿ ಹೊರಗೆ ಸುತ್ತಿಸಿ ತಣಿಸಬೇಕು. ಆಲ್ಕೋಹಾಲ್ ಶೇ 10ರ ಆಚೀಚೆ ಬಂತೆಂದರೆ ತಾನು ಮಾಡಿದ ಸರಕೇ ಯೀಸ್ಟ್‌ಗೆ ವಿಷ. ಅಲ್ಲಿಂದ ಬಟ್ಟಿ ಇಳಿಸಿದರೆ ಶೇ 95ರ ಸುಮಾರಿಗೆ ಸಿಕ್ಕಿಕೊಳ್ಳುತ್ತದೆ. ಉಳಿದ ನೀರನ್ನು ಜಿಯೋಲೈಟ್ ಕಾಳುಗಳ ಸೂಕ್ಷ್ಮ ರಂಧ್ರಗಳಿಂದ ಹೀರಿಸಿದ ಮೇಲೆ ಪೆಟ್ರೋಲ್ ಜೊತೆ ಬೆರೆಯುವಷ್ಟು ಶುದ್ಧ. ಬಿಸಿ ತಾಳುವ ಯೀಸ್ಟ್ ತಳಿ, ಹೆಚ್ಚು ಆಲ್ಕೋಹಾಲ್ ತಾಳುವ ತಳಿ ಸಿಕ್ಕರೆ ನೀರು, ಉಗಿ, ವಿದ್ಯುತ್ತು ಮೂರೂ ಉಳಿಯುತ್ತವೆ. ಇದು ಬಯೋಟೆಕ್ ಅಲ್ಲದೆ ಮತ್ತೇನು?

ಆದರೆ ಕಳೆದ ಹತ್ತು ವರ್ಷಗಳ ಎಥೆನಾಲ್ ಬೆಳವಣಿಗೆ ಈ ಬಗೆಯ ಶೋಧದಿಂದ ಬಂದದ್ದಲ್ಲ, ಸರ್ಕಾರದ ಆದೇಶದಿಂದ ಬಂದದ್ದು. ಪೆಟ್ರೋಲ್‌ಗೆ ಶೇ 5 ಬೆರೆಸುವ ಕಾರ್ಯಕ್ರಮ 2003ರಲ್ಲೇ ಶುರುವಾಗಿದ್ದರೂ ಹತ್ತು ವರ್ಷದ ಮೇಲೂ ಮಿಶ್ರಣ ಶೇ 2 ಮುಟ್ಟಿರಲಿಲ್ಲ. 2018ರ ಜೈವಿಕ ಇಂಧನ ನೀತಿ ಇನ್ನೂ ಸಾಕಷ್ಟು ಸಕ್ಕರೆ ಉಳಿದಿರುವ 'ಬಿ-ಹೆವಿ' ಕಾಕಂಬಿ ಮತ್ತು ಕಬ್ಬಿನ ಹಾಲಿನಿಂದಲೂ ಎಥೆನಾಲ್ ಮಾಡಲು ದಾರಿ ತೆರೆಯಿತು. ಸರ್ಕಾರವೇ ದರ ಗೊತ್ತು ಮಾಡಿತು, ತೈಲ ಕಂಪನಿಗಳು 21 ದಿನದಲ್ಲಿ ಹಣ ಕೊಡತೊಡಗಿದವು. 2022ರಲ್ಲಿ ಶೇ 10, 2025ರಲ್ಲಿ ಶೇ 20. ಈ ಕೀಲಿ ಯಾರ ಕೈಯಲ್ಲಿದೆ ಎಂಬುದು 2023ರ ಡಿಸೆಂಬರ್‌ನಲ್ಲಿ ಗೊತ್ತಾಯಿತು. ಮಳೆ ಕೈಕೊಟ್ಟು ಸಕ್ಕರೆ ಕಡಿಮೆಯಾದೀತೆಂದು ಕೇಂದ್ರ ಕಬ್ಬಿನ ಹಾಲಿನ ಎಥೆನಾಲ್‌ಗೆ ರಾತ್ರೋರಾತ್ರಿ ತಡೆ ಹಾಕಿತು, ವಾರ ಕಳೆಯುತ್ತಲೇ ಸಡಿಲಿಸಿತು, ಪೂರ್ತಿ ತೆಗೆದದ್ದು 2024ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಮೆಕ್ಕೆಜೋಳ, ಅಕ್ಕಿಯ ಎಥೆನಾಲ್ ಕಬ್ಬನ್ನು ಹಿಂದಿಕ್ಕಿ ಮುಂದೆ ಹೋಗಿತ್ತು. 2025ರ ನವೆಂಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಪ್ರಧಾನಿಗೆ ಬರೆದ ಪತ್ರದ ದೂರೂ ಇದೇ: ರಾಜ್ಯದ ಡಿಸ್ಟಿಲರಿಗಳ ಸಾಮರ್ಥ್ಯ 270 ಕೋಟಿ ಲೀಟರ್, ಹಂಚಿಕೆ ಸಿಕ್ಕಿದ್ದು 47 ಕೋಟಿ ಲೀಟರ್. ಕೇಂದ್ರ ಆ ಅಂಕಿಯನ್ನು ಒಪ್ಪಲಿಲ್ಲ. ಯಾರ ಅಂಕಿ ಸರಿ ಎಂಬುದು ಹಾಗಿರಲಿ; ಉದ್ಯಮದ ಏಳುಬೀಳು ಹಂಚಿಕೆಯ ಒಂದು ಕಾಗದದ ಮೇಲೆ ನಿಂತಿದೆ ಎಂಬುದನ್ನು ಎರಡೂ ಕಡೆಯವರು ಒಪ್ಪಿದ ಹಾಗಾಯಿತು. ಸಕ್ಕರೆ ಕಾರ್ಖಾನೆಗಳ ಸಂಘಟನೆಗಳು ದೆಹಲಿಯಲ್ಲಿ ಕೇಳುವುದು ಬಹುತೇಕ ಹೆಚ್ಚು ಹಂಚಿಕೆ, ಹೆಚ್ಚು ದರ. ಯೀಸ್ಟ್ ತಳಿಯ ಸುದ್ದಿ ಆ ಮನವಿಗಳಲ್ಲಿ ಅಪರೂಪ.

ಆ ಪತ್ರ ಹೊರಟದ್ದೂ ಕಬ್ಬಿನ ದರದ ಚಳವಳಿಯ ಒತ್ತಡದಲ್ಲಿ. ಕಟಾವು, ಸಾಗಣೆಯ ವೆಚ್ಚ ಬಿಟ್ಟು ಟನ್‌ಗೆ 3,500 ರೂಪಾಯಿ ಬೇಕೆಂದು ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಹೊತ್ತಿಕೊಂಡದ್ದು ಮುಧೋಳಕ್ಕೂ ಹಬ್ಬಿತು. ಸರ್ಕಾರ 3,300 ಎಂದಮೇಲೂ ಇಲ್ಲಿ ತಣ್ಣಗಾಗಲಿಲ್ಲ. ಸಮೀರವಾಡಿಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್ ಟ್ರಾಲಿಗಳು ಬೆಂಕಿಗೆ ಆಹುತಿಯಾದವು. ಆ ಜಗಳದಲ್ಲಿ ಪದೇಪದೇ ಬಂದ ಮಾತು ರಿಕವರಿ. ನೂರು ಕಿಲೋ ಕಬ್ಬು ನುರಿಸಿದರೆ ಎಷ್ಟು ಕಿಲೋ ಸಕ್ಕರೆ ಚೀಲಕ್ಕೆ ಬಂತು ಎಂಬುದೇ ರಿಕವರಿ. ಕೇಂದ್ರ ಗೊತ್ತು ಮಾಡುವ ಕನಿಷ್ಠ ಕಬ್ಬಿನ ದರ, ಅಂದರೆ ಎಫ್‌ಆರ್‌ಪಿ, 2025-26ರ ಹಂಗಾಮಿಗೆ ಶೇ 10.25 ರಿಕವರಿಗೆ ಟನ್‌ಗೆ 3,550 ರೂಪಾಯಿ. ಅದರ ಮೇಲೆ ಪ್ರತಿ ಶೇ 0.1ಕ್ಕೆ 34.60 ರೂಪಾಯಿ ಏರುತ್ತದೆ. ದರ ನಿಗದಿಗೆ ಕೂತಾಗ ಕಾಕಂಬಿ, ಸಿಪ್ಪೆ, ಹಾಲು ಸೋಸಿ ಉಳಿಯುವ ಮಡ್ಡಿ (ಪ್ರೆಸ್‌ಮಡ್) ಇವುಗಳ ಬೆಲೆಯನ್ನೂ ಗಮನಿಸಬೇಕೆಂದು ಕೇಂದ್ರದ ಕಬ್ಬು ನಿಯಂತ್ರಣ ಆದೇಶದಲ್ಲಿ ಇದೆ, ನಿಜ. ಆದರೆ ಒಂದು ಕಾರ್ಖಾನೆಗೂ ಇನ್ನೊಂದಕ್ಕೂ ಎಫ್‌ಆರ್‌ಪಿ ವ್ಯತ್ಯಾಸವಾಗುವುದು ರಿಕವರಿ ಒಂದರಿಂದಲೇ.

ತೊಡಕು ಇರುವುದು ಇಲ್ಲಿ. ಒಂದು ಟನ್ ಕಬ್ಬಿನಿಂದ ಸುಮಾರು 105 ಕಿಲೋ ಸಕ್ಕರೆ ಹರಳುಗಟ್ಟಿತು ಎಂದುಕೊಳ್ಳೋಣ. ಕೊನೆಗೆ ಉಳಿಯುವ ಸುಮಾರು 45 ಕಿಲೋ ಕಾಕಂಬಿಯಲ್ಲಿ ಇನ್ನೂ 20 ಕಿಲೋದಷ್ಟು ಸಕ್ಕರೆಯ ಅಂಶ ಇರುತ್ತದೆ: ಹರಳಾಗಲು ಒಪ್ಪದ ಸುಕ್ರೋಸ್, ಅದರ ಜೊತೆ ಗ್ಲೂಕೋಸ್ ಮತ್ತು ಫ್ರಕ್ಟೋಸ್. ಸಕ್ಕರೆ ಬೇಯಿಸುವವನಿಗೆ ಈ ಗ್ಲೂಕೋಸ್, ಫ್ರಕ್ಟೋಸ್ ಶತ್ರುಗಳು, ಹರಳುಗಟ್ಟುವುದನ್ನೇ ಕೆಡಿಸುತ್ತವೆ. ಯೀಸ್ಟ್‌ಗೆ ಅವೇ ನೇರ ಊಟ. ಸುಕ್ರೋಸನ್ನೂ ಅದು ಮೊದಲು ಇವೆರಡಾಗಿ ಒಡೆದುಕೊಂಡೇ ತಿನ್ನುವುದು. ಕಾಕಂಬಿಯ 20 ಕಿಲೋದಿಂದ ಹತ್ತು ಹನ್ನೊಂದು ಲೀಟರ್ ಎಥೆನಾಲ್ ಬರುತ್ತದೆ. ಹಾಲನ್ನು ಪೂರ್ತಿ ಯೀಸ್ಟ್‌ಗೆ ಬಿಟ್ಟರೆ 105ಕ್ಕೆ 20 ಸೇರಿ ಸುಮಾರು 125 ಕಿಲೋ ಸಕ್ಕರೆಯಿಂದ 70 ಲೀಟರ್. ಅಂದರೆ ಎರಡನೆಯ ದಾರಿಯಲ್ಲಿ ಚೀಲಕ್ಕೆ ಒಂದು ಹರಳೂ ಬರುವುದಿಲ್ಲ. ಆಗ ರಿಕವರಿ ಎಂಬುದು ಅಳತೆಯಾಗಿ ಉಳಿಯದೆ, ಬಂದಿದ್ದರೆ ಇಷ್ಟು ಬರುತ್ತಿತ್ತು ಎಂಬ ಅಂದಾಜಾಗುತ್ತದೆ. ರೈತರಿಗೆ ಆ ಅಂದಾಜಿನ ಮೇಲೆ ಗುಮಾನಿ ಇದ್ದರೆ ಅದನ್ನು ಅಜ್ಞಾನ ಎನ್ನುವುದು ಸುಲಭ, ಆದರೆ ಸರಿಯಲ್ಲ.

ಕಾರ್ಖಾನೆಯವರು ಇದಕ್ಕೆ ಕೊಡುವ ಉತ್ತರದಲ್ಲಿ ಹುರುಳಿದೆ, ಅದನ್ನು ತಳ್ಳಿಹಾಕುವಂತಿಲ್ಲ. 2025ರ ದರದಲ್ಲಿ ಹಾಲಿನ ಎಥೆನಾಲ್‌ಗೆ ಲೀಟರ್‌ಗೆ 65.61 ರೂಪಾಯಿ, 70 ಲೀಟರ್‌ಗೆ ಸುಮಾರು 4,600. ಸಕ್ಕರೆ ಕಿಲೋಗೆ 38 ರೂಪಾಯಿ ಎಂದು ಹಿಡಿದರೆ 105 ಕಿಲೋಗೆ 4,000ದ ಹತ್ತಿರ, ಮೇಲೆ ಕಾಕಂಬಿಯ ಎಥೆನಾಲ್ 600. ಎರಡೂ ದಾರಿ ಒಂದೇ ಊರಿಗೆ ಬಂದವು! ಎಥೆನಾಲ್‌ನಲ್ಲಿ ಗುಪ್ತನಿಧಿ ಎಲ್ಲಿದೆ ಎಂದು ಅವರು ಕೇಳುತ್ತಾರೆ. ನಿಧಿ ಇದೆ ಎಂದು ನಾನೂ ಹೇಳುತ್ತಿಲ್ಲ. ಸಿಗುವ ಲಾಭ ಬೇರೆ ಬಗೆಯದು. ಸಕ್ಕರೆ ಗೋದಾಮಿನಲ್ಲಿ ತಿಂಗಳುಗಟ್ಟಲೆ ಕೂರುವ ಬದಲು ಮೂರು ವಾರದಲ್ಲಿ ದುಡ್ಡು ಬರುತ್ತದೆ, ಬಡ್ಡಿ ಉಳಿಯುತ್ತದೆ, ಹೆಚ್ಚುವರಿ ಸಕ್ಕರೆ ಪೇಟೆಯಿಂದ ಸರಿದು ದರ ನೆಲಕಚ್ಚದೆ ನಿಲ್ಲುತ್ತದೆ. ರೈತರ ಬಾಕಿ ಬಿಲ್ಲು ಮೊದಲಿಗಿಂತ ಬೇಗ ಪಾವತಿಯಾಗುವುದಕ್ಕೂ ಇದು ಕಾರಣ. ಅದರ ಮೇಲೆ ಸಿಪ್ಪೆಯ ವಿದ್ಯುತ್ತು, ಪ್ರೆಸ್‌ಮಡ್‌ನ ಅನಿಲ. ಲೀಟರ್ ಎಥೆನಾಲ್‌ಗೆ ಸುಮಾರು ಹತ್ತು ಲೀಟರ್ ಬೀಳುವ ಕಡುಗಂದು ಸ್ಪೆಂಟ್‌ವಾಶ್ ನದಿಗೆ ಬಿಟ್ಟರೆ ಮೀನು ಸಾಯುವ ಪಿಡುಗು. ಅದನ್ನೇ ಗಟ್ಟಿ ಮಾಡಿ ಬಾಯ್ಲರ್‌ನಲ್ಲಿ ಉರಿಸಿದರೆ ಉಗಿಯೂ ಸಿಗುತ್ತದೆ, ಬೂದಿಯಲ್ಲಿ ಪೊಟ್ಯಾಷ್ ಗೊಬ್ಬರವೂ ಸಿಗುತ್ತದೆ. ಆ ಪೊಟ್ಯಾಷ್ ಬಂದದ್ದು ರೈತನ ಹೊಲದಿಂದಲೇ ಅಲ್ಲವೆ? ಮುಂದೆ ಬರಲಿರುವುದು ಇನ್ನೂ ದೊಡ್ಡದು. ಗೋದಾವರಿ ಕಂಪನಿ ಮಹಾರಾಷ್ಟ್ರದ ಸಾಕರವಾಡಿಯಲ್ಲಿ ಆಲ್ಕೋಹಾಲ್‌ನಿಂದ ಈಥೈಲ್ ಅಸಿಟೇಟ್‌ನಂಥ ರಾಸಾಯನಿಕ ಮಾಡುತ್ತದೆ. ಉತ್ತರ ಪ್ರದೇಶದಲ್ಲಿ ಬಲರಾಮ್‌ಪುರ ಚಿನಿ ಕಬ್ಬಿನ ಸಕ್ಕರೆಯಿಂದ ಪ್ಲಾಸ್ಟಿಕ್ ಮಾಡಲು ಹೊರಟಿದೆ. ಇವೆಲ್ಲದರ ಮೂಲ ಹುದುಗಬಲ್ಲ ಸಕ್ಕರೆ, ಹರಳಲ್ಲ.

ಈ ತೊಡಕನ್ನು ಬೇರೆಯವರು ಬಿಡಿಸಿಕೊಂಡದ್ದಿದೆ. ಬ್ರೆಜಿಲ್ 1975ರಲ್ಲೇ ಪ್ರೊ-ಆಲ್ಕೂಲ್ ಕಾರ್ಯಕ್ರಮ ಹಿಡಿದ ದೇಶ. ಅಲ್ಲಿಯ ಸಾವೊ ಪೌಲೊದಲ್ಲಿ ಬೆಳೆಗಾರರೂ ಕಾರ್ಖಾನೆಯವರೂ ಕೂತು 1990ರ ದಶಕದ ಕೊನೆಗೆ 'ಕಾನ್ಸೆಕಾನಾ' ಎಂಬ ಮಂಡಳಿ ಮಾಡಿಕೊಂಡರು. ಅವರ ಸೂತ್ರ ಅಳೆಯುವುದು ಟನ್ ಕಬ್ಬಿನಲ್ಲಿ ಪಡೆಯಬಹುದಾದ ಒಟ್ಟು ಸಕ್ಕರೆಯನ್ನು, ಗ್ಲೂಕೋಸ್ ಫ್ರಕ್ಟೋಸ್ ಸೇರಿಸಿ. ಆ ಸಕ್ಕರೆಯ ಕಿಲೋ ದರ ನಿಲ್ಲುವುದು ಸಕ್ಕರೆ ಮತ್ತು ಎಥೆನಾಲ್ ಎರಡರ ಮಾರಾಟದ ಬೆಲೆಯ ಮೇಲೆ. ನಮ್ಮಲ್ಲೂ 2012ರಲ್ಲಿ ರಂಗರಾಜನ್ ಸಮಿತಿ ಸಕ್ಕರೆ ಮತ್ತು ಉಪಉತ್ಪನ್ನಗಳ ಮೌಲ್ಯದಲ್ಲಿ ಶೇ 70 ರೈತರದು, ಎಫ್‌ಆರ್‌ಪಿ ಕನಿಷ್ಠ ಭದ್ರತೆಯಾಗಿ ಇರಲಿ ಎಂದಿತ್ತು. ಕರ್ನಾಟಕ 2013ರಲ್ಲಿ ಕಬ್ಬು ಖರೀದಿ ಕಾಯ್ದೆಯನ್ನೇ ಮಾಡಿತು. ಕಾಯ್ದೆ ಇದೆ, ಮಂಡಳಿ ಇದೆ. ಯೀಸ್ಟ್‌ಗೆ ಹೋದ ಸಕ್ಕರೆಯನ್ನು ಅಳೆಯುವ ಪ್ರಯೋಗಾಲಯದ ಮಾತು ಮಾತ್ರ ಬರುವುದಿಲ್ಲ.

ಎಥೆನಾಲ್ ಕಬ್ಬನ್ನು ಇನ್ನಷ್ಟು ಹಬ್ಬಿಸುತ್ತದೆ, ನೀರು ಎಲ್ಲಿದೆ ಎಂಬ ಆಕ್ಷೇಪ ಇದೆಲ್ಲಕ್ಕಿಂತ ಭಾರವಾದದ್ದು. ವರ್ಷಕ್ಕೆ ಆರುನೂರು ಮಿಲಿಮೀಟರ್ ಮಳೆಯೂ ಬೀಳದ ಸೀಮೆಯಲ್ಲಿ ಕನಿಷ್ಠ 1,500 ಮಿ.ಮೀ. ಬೇಡುವ ಬೆಳೆ ಇದು. ಕಬ್ಬಿನ ಒಂದು ಲೀಟರ್ ಎಥೆನಾಲ್‌ಗೆ 2,860 ಲೀಟರ್ ನೀರು ಎಂದು ನೀತಿ ಆಯೋಗದ ವರದಿಯೇ ಬರೆದಿದೆ. ಕಾಲುವೆ ಕೆಳಗಿನ ಎರೆಭೂಮಿ ಸವಳು-ಜವಳಾಗಿ ಉಪ್ಪು ಮೇಲೆದ್ದಿರುವುದನ್ನು ಘಟಪ್ರಭೆಯ ಅಚ್ಚುಕಟ್ಟಿನವರಿಗೆ ಯಾರೂ ತೋರಿಸಬೇಕಿಲ್ಲ. ಆದರೆ ಈ ಆಕ್ಷೇಪ ನನ್ನ ವಾದವನ್ನು ಕೆಡಿಸುವುದಿಲ್ಲ, ಗಟ್ಟಿ ಮಾಡುತ್ತದೆ. ಈಗ ದುಡ್ಡು ಬರುವುದು ಬರಿಯ ತೂಕಕ್ಕೆ, ಅದೂ ಕಾರ್ಖಾನೆಯ ಸರಾಸರಿ ರಿಕವರಿಯ ಮೇಲೆ. ನೀರು ಕುಡಿಸಿ ತೂಕ ಏರಿಸಿದವನಿಗೂ ಹನಿ ನೀರಾವರಿಯಲ್ಲಿ ಸಕ್ಕರೆ ಏರಿಸಿದವನಿಗೂ ಟನ್‌ಗೆ ಒಂದೇ ದರ. ತಳಿಗಳೂ ಅದೇ ಲೆಕ್ಕಕ್ಕೆ ಹೊಂದಿಕೊಂಡಿವೆ. ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆ 2000ದಲ್ಲಿ ಬಿಡುಗಡೆ ಮಾಡಿದ ಸಿಒ 86032 ಒಳ್ಳೆಯ ತಳಿ, ಆದರೆ ಅದನ್ನು ಆರಿಸಿದ್ದು ಸಕ್ಕರೆ ಚೀಲವನ್ನು ಮನಸ್ಸಿನಲ್ಲಿಟ್ಟುಕೊಂಡು. ಹೊಸ ನೀರು ಬೇಡದೆಯೇ, ಹೊಲದಲ್ಲೇ ಸುಟ್ಟುಹೋಗುವ ಒಣ ಸೋಗೆ, ಅಂದರೆ ರವದಿಯಿಂದಲೂ ಕಿಣ್ವ ಬಳಸಿ ಸಕ್ಕರೆ ಬಿಡಿಸಬಹುದು. ಭತ್ತದ ಹುಲ್ಲಿನಿಂದ ಹಾಗೆ ಎಥೆನಾಲ್ ಮಾಡುವ ಘಟಕ ಪಾಣಿಪತ್ತಿನಲ್ಲಿ 2022ರಲ್ಲಿ ಉದ್ಘಾಟನೆಯಾಯಿತು. ಆ ದಾರಿಯಲ್ಲಿ ದುಬಾರಿಯಾಗಿರುವುದು ಕಿಣ್ವ. ಕಿಣ್ವದಿಂದಲೇ ಶುರುವಾದ ಬಯೋಕಾನ್ ಆ ವ್ಯವಹಾರವನ್ನು 2007ರಲ್ಲಿ ಡೆನ್ಮಾರ್ಕಿನ ನೊವೊಜೈಮ್ಸ್‌ಗೆ ಮಾರಿತು. ಕಂಪನಿಯ ಲೆಕ್ಕಕ್ಕೆ ಅದು ಸರಿಯಿದ್ದಿರಬಹುದು.

ಪ್ರತಿ ಟ್ರಾಲಿಯ ಕಬ್ಬಿನ ಸಕ್ಕರೆ ಅಳೆಯುವುದು ಆಗದ ಮಾತು ಎನ್ನುವವರಿಗೆ ಬ್ರೆಜಿಲ್‌ನ ಉತ್ತರ ಸಿದ್ಧವಿದೆ. ಅಲ್ಲಿ ಎಲ್ಲ ಲೋಡನ್ನೂ ಅಳೆಯುವುದಿಲ್ಲ, ಚೀಟಿ ಎತ್ತಿದ ಹಾಗೆ ಕೆಲವನ್ನು ಆರಿಸುತ್ತಾರೆ. ಲೋಡಿನೊಳಗೆ ಕೊಳವೆ ಚುಚ್ಚಿ ಮಾದರಿ ತೆಗೆದು, ಹಿಂಡಿ, ನಿಮಿಷಗಳಲ್ಲಿ ಓದಿ ಬರೆದುಕೊಳ್ಳುತ್ತಾರೆ. ಬೆಳೆಗಾರರ ಸಂಘದವರು ಪ್ರಯೋಗಾಲಯದಲ್ಲಿ ಪಕ್ಕಕ್ಕೆ ನಿಂತು ನೋಡಬಹುದು. ಕಟಾವಾದ ಕಬ್ಬು ಬಿಸಿಲಿನಲ್ಲಿ ಸಾಲುಗಟ್ಟಿ ನಿಂತಷ್ಟೂ ಅದರ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತ ಹೋಗುತ್ತದೆ, ತೂಕವೂ ಇಳಿಯುತ್ತದೆ. ಸರದಿ ನಿಧಾನವಾದರೆ ನಷ್ಟ ಯಾರ ಪಾಲಿನದು ಎಂಬುದನ್ನೂ ಅದೇ ಓದು ಹೇಳಬಲ್ಲದು. ಇದಕ್ಕೆ ಬೇಕಾಗುವುದು ತೂಕದ ಕಾಟಾದ ಪಕ್ಕದಲ್ಲಿ ಒಂದು ಕೋಣೆ, ಒಂದು ಯಂತ್ರ, ಬೆಳಗಾವಿಯ ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯಲ್ಲಿ ಕಲಿತು ಬಂದ ಇಬ್ಬರು ಹುಡುಗರು, ಮತ್ತು ಬಿಲ್ಲಿನಲ್ಲಿ ತೂಕದ ಕೆಳಗೆ ಇನ್ನೊಂದು ಸಾಲು.