ಡಮ್ ಡಮ್‌ನ ನೀರು, ಗೀಸರಿನ ಸುಣ್ಣ

ಕೋಲ್ಕತ್ತದ ವಿಮಾನ ನಿಲ್ದಾಣದ ಆಸುಪಾಸಿನಲ್ಲಿ ಹರಡಿಕೊಂಡಿರುವ ಡಮ್ ಡಮ್‌ನಲ್ಲಿ ಎರಡು ಬಗೆಯ ನೀರು ಬಳಕೆಯಲ್ಲಿದೆ. ಒಂದು ಹೂಗ್ಲಿ ನದಿಯದು, ಶುದ್ಧೀಕರಿಸಿ ಪೈಪಿನಲ್ಲಿ ಕಳಿಸಿದ್ದು. ಇನ್ನೊಂದು ಆಳದ ಕೊಳವೆಬಾವಿಯದು, ಪುರಸಭೆಯದೋ ಅಪಾರ್ಟ್‌ಮೆಂಟಿನವರು ತಾವೇ ಕೊರೆಸಿಕೊಂಡದ್ದೋ. ಸಂಪಿನಲ್ಲಿ ಎರಡೂ ಬೆರೆತು ಮೇಲಿನ ಟ್ಯಾಂಕಿಗೆ ಏರುವುದೂ ಉಂಟು. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾವೇರಿ ನೀರಿಗೆ ಬೇಳೆ ಬೇಗ ಬೇಯುತ್ತದೆ, ಬೋರ್‌ವೆಲ್ ನೀರಾದರೆ ಕುಕ್ಕರ್ ಇನ್ನೆರಡು ಸಲ ಕೂಗಬೇಕು. ನೀರಿನ ಕ್ಯಾಲ್ಸಿಯಂ ಬೇಳೆಯೊಳಗಿನ ಪೆಕ್ಟಿನ್ನಿಗೆ ಅಂಟಿಕೊಂಡು ಅದನ್ನು ಬಿಗಿಯಾಗಿಸುವುದೇ ಇದಕ್ಕೆ ಕಾರಣ.

ಕರಗಿದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಹೆಚ್ಚಿದ್ದರೆ ಅದು ಗಡಸು ನೀರು. ಅಳತೆಯನ್ನು ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ, ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಹೇಳುತ್ತಾರೆ. ಭಾರತೀಯ ಮಾನಕ ಬ್ಯೂರೊ 2012ರಲ್ಲಿ ಪರಿಷ್ಕರಿಸಿದ ಕುಡಿಯುವ ನೀರಿನ ಮಾನದಂಡದಲ್ಲಿ 200 ಮಿ.ಗ್ರಾಂ. ಒಪ್ಪತಕ್ಕದ್ದು, ಬೇರೆ ಮೂಲವಿಲ್ಲದಿದ್ದರೆ 600ರವರೆಗೂ ಸಹಿಸಬಹುದು. ಹಾಗಾಗಿ ಕುಡಿಯಲು ಅಡ್ಡಿಯಿಲ್ಲದ ನೀರೇ ಗೀಸರಿಗೆ ಮಾರಕವಾಗಬಹುದು.

ಡಮ್ ಡಮ್‌ನ ಕೊಳವೆಬಾವಿ ನೀರು ಗಡಸಾದದ್ದು ಹೇಗೆ? ಇಲ್ಲಿ ಬಂಡೆಯೇ ಇಲ್ಲ. ಗಂಗೆ ಸಾವಿರಾರು ವರ್ಷಗಳಿಂದ ತಂದು ಸುರಿದ ಜೇಡಿ, ಹೂಳು, ಮರಳು ಅಷ್ಟೇ. 1835ರಿಂದ 1840ರವರೆಗೆ ಬ್ರಿಟಿಷರು ಕೋಲ್ಕತ್ತದ ಫೋರ್ಟ್ ವಿಲಿಯಂನಲ್ಲಿ ಕುಡಿಯುವ ನೀರಿಗಾಗಿ 481 ಅಡಿ ಕೊರೆದರು. ಗಟ್ಟಿ ಬಂಡೆ ಸಿಗಲಿಲ್ಲ. ಸಿಕ್ಕಿದ್ದು ಕೊಳೆತ ಸಸ್ಯಗಳ ಕಪ್ಪು ಪದರ, ಮರದ ತುಂಡುಗಳು, ಜೇಡಿಯ ನಡುವೆ ಕಂಕರ್ ಎಂಬ ಸುಣ್ಣದ ಗಂಟುಗಳು. ಈ ಪಟ್ಟಿಯಲ್ಲೇ ಉತ್ತರವಿದೆ. ಸಸ್ಯಾವಶೇಷ ಕೊಳೆಯುವಾಗ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ, ಅದು ಬೆರೆತ ನೀರು ಸ್ವಲ್ಪ ಆಮ್ಲೀಯವಾಗುತ್ತದೆ, ಆ ನೀರು ಸುಣ್ಣವನ್ನು ಕರಗಿಸಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಆಗಿ ಹೊತ್ತುಕೊಳ್ಳುತ್ತದೆ. ನದಿಯ ನೀರಿಗೆ ನೆಲದೊಳಗೆ ಇಷ್ಟು ಕಾಲ ಇರುವ ಪ್ರಸಂಗವಿಲ್ಲ. ಮಳೆಗಾಲದಲ್ಲಂತೂ ಅದು ಇನ್ನೂ ಮೆದು.

ಬೈಕಾರ್ಬೊನೇಟ್ ತಣ್ಣಗಿರುವಷ್ಟು ಹೊತ್ತು ಕರಗಿಯೇ ಇರುತ್ತದೆ. ಬಿಸಿ ತಾಗಿತೋ, ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣಕಲ್ಲು, ಹಿಂದೆ ಉಳಿಯುತ್ತದೆ. ಸಕ್ಕರೆ, ಉಪ್ಪು ಬಿಸಿ ನೀರಿನಲ್ಲಿ ಹೆಚ್ಚು ಕರಗುತ್ತವೆ, ಸುಣ್ಣಕಲ್ಲಿನದು ತಿರುಗುಮುರುಗು. ನೀರು ಎಲ್ಲಿ ಅತಿ ಹೆಚ್ಚು ಬಿಸಿಯೋ ಅಲ್ಲೇ ಅದು ಕಟ್ಟುತ್ತದೆ, ಗೀಸರಿನಲ್ಲಿ ಆ ಜಾಗ ಕಾಯಿಲ್‌ನ ಮೈ.

ಲೀಟರಿಗೆ 300 ಮಿ.ಗ್ರಾಂ. ಗಡಸುತನದ ನೀರು ದಿನಕ್ಕೆ 60 ಲೀಟರ್ ಗೀಸರಿನ ಮೂಲಕ ಹಾಯುತ್ತದೆ ಎಂದಿಟ್ಟುಕೊಳ್ಳಿ. ಅದರ ಜೊತೆ ದಿನಕ್ಕೆ 18 ಗ್ರಾಂ ಸುಣ್ಣದ ಸರಕು ಒಳಗೆ ಬಂತು. ಬಹುಪಾಲು ನಲ್ಲಿಯಿಂದ ಹೊರಗೆ ಹೋಗುತ್ತದೆ. ಹತ್ತರಲ್ಲಿ ಒಂದು ಪಾಲು ಒಳಗೇ ಉಳಿದರೂ ಕೋಲ್ಕತ್ತದ ಮೂರು ತಿಂಗಳ ಚಳಿಗಾಲಕ್ಕೆ 160 ಗ್ರಾಂ ಆಯಿತು. ವರ್ಷವಿಡೀ ಬಿಸಿನೀರು ಬೇಕೆನ್ನುವ ಬೆಂಗಳೂರಿನ ಮನೆಯಲ್ಲಿ ಅದೇ ಲೆಕ್ಕ ಅರ್ಧ ಕಿಲೋ ದಾಟುತ್ತದೆ.

ಸುಣ್ಣ ಕಟ್ಟಿದರೆ ಕರೆಂಟ್ ಬಿಲ್ ಏರುತ್ತದೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ನೀರಿನಲ್ಲಿ ಮುಳುಗಿರುವ ವಿದ್ಯುತ್ ಕಾಯಿಲ್‌ಗೆ ಇದು ಅಷ್ಟಾಗಿ ಹೊಂದದು. ಕಾಯಿಲ್ 2 ಕಿಲೋವ್ಯಾಟ್ ಎಳೆದರೆ ಆ ಶಾಖಕ್ಕೆ ನೀರಲ್ಲದೆ ಬೇರೆ ದಾರಿಯಿಲ್ಲ, ತಡವಾಗಿಯಾದರೂ ನೀರಿಗೇ ಸೇರಬೇಕು. ಕೆಡುವುದು ಕಾಯಿಲ್. ತಾಮ್ರಕ್ಕೆ ಹೋಲಿಸಿದರೆ ಸುಣ್ಣದ ಪದರ ಶಾಖವನ್ನು ಸಾಗಿಸುವುದು ನೂರಾರು ಪಟ್ಟು ಕಡಿಮೆ, ಕಾಯಿಲ್‌ಗೆ ಕಂಬಳಿ ಹೊದಿಸಿದ ಹಾಗೆ. 2 ಕಿಲೋವ್ಯಾಟ್ ಕಾಯಿಲ್‌ನ ಮೈ 200 ಚದರ ಸೆಂಟಿಮೀಟರ್ ಇದ್ದು, ಅದರ ಮೇಲೆ 1 ಮಿಲಿಮೀಟರ್ ಸುಣ್ಣ ಕೂತರೆ, ಅಷ್ಟೇ ಶಾಖವನ್ನು ಹೊರತಳ್ಳಲು ಲೋಹ 50ರಿಂದ 100 ಡಿಗ್ರಿ ಹೆಚ್ಚು ಕಾಯಬೇಕಾಗುತ್ತದೆ. ದಿನವೂ ಹೀಗೆ ಕಾದು ಆರಿ ಕವಚ ಬಿರಿಯುತ್ತದೆ, ಒಳಗಿನ ತಂತಿಯನ್ನು ಸುತ್ತಿದ ಮೆಗ್ನೀಸಿಯಂ ಆಕ್ಸೈಡ್ ಪುಡಿಗೆ ನೀರು ಇಳಿಯುತ್ತದೆ. ಆಗ ಮನೆಯ ಟ್ರಿಪ್ಪರ್ ಬೀಳುತ್ತದೆ. ಟ್ರಿಪ್ಪರ್ ಇಲ್ಲದ, ಅರ್ಥಿಂಗ್ ಸರಿಯಿಲ್ಲದ ಹಳೆಯ ಕಟ್ಟಡಗಳಲ್ಲಿ ಇದು ಪ್ರಾಣಕ್ಕೇ ಸಂಚಕಾರ. ಗ್ಯಾಸ್ ಗೀಸರಿನ ಮಾತು ಬೇರೆ. ಅಲ್ಲಿ ನೀರು ಹೀರದ ಶಾಖ ಹೊಗೆಯ ಜೊತೆ ಹೊರಟುಹೋಗುತ್ತದೆ, ಹಾಗಾಗಿ ನಷ್ಟ ನೇರವಾಗಿ ಸಿಲಿಂಡರಿನ ಲೆಕ್ಕಕ್ಕೇ ಬೀಳುತ್ತದೆ.

ವಾಷಿಂಗ್ ಮೆಷಿನ್ ತಣ್ಣೀರಿನಲ್ಲೇ ಓಡಿದರೆ ಸುಣ್ಣ ಕಟ್ಟುವುದು ಕಡಿಮೆ, ಖರ್ಚಾಗುವುದು ಸೋಪಿನ ಪುಡಿ. ಕೊಳವೆಬಾವಿ ನೀರಿನಲ್ಲಿ ಕಬ್ಬಿಣವೂ ಇದ್ದರೆ, ಗಾಳಿ ತಾಗಿದ ಮೇಲೆ ಅದು ಕಂದು ಕೆಸರಾಗಿ ಮೆಷಿನ್ನಿನ ಒಳಹರಿವಿನ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಬಿಳಿ ಬಟ್ಟೆಗೂ ಹಳದಿ ಬಣ್ಣ ಹಿಡಿಸುತ್ತದೆ. ಇನ್ನು ಚಹಾ. ಹಾಲಿಲ್ಲದ ಕಪ್ಪು ಚಹಾದ ಮೇಲೆ ತೇಲುವ ಹೊಳೆಯುವ ಪೊರೆ ಏನೆಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸ್ಪಿರೊ ಮತ್ತು ಜಗನ್ಯಿ 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದರು. ನೀರಿನ ಕ್ಯಾಲ್ಸಿಯಂ, ಬೈಕಾರ್ಬೊನೇಟ್, ಗಾಳಿಯ ಆಮ್ಲಜನಕ ಸೇರಿದಾಗ ಚಹಾದ ಅಂಶಗಳು ಹಾಗೆ ಕೆನೆಗಟ್ಟುತ್ತವೆ. ನಿಂಬೆರಸ ಬಿದ್ದರೆ ಪೊರೆ ಕಟ್ಟುವುದಿಲ್ಲ. ಕೋಲ್ಕತ್ತದ ಬೀದಿಬದಿಯ ‘ಲೇಬು ಚಾ’ ತಿಳಿಯಾಗಿರುವುದರಲ್ಲಿ ಈ ರಸಾಯನದ ಪಾಲೂ ಇದೆ.

ನೀರಿನ ತೊಂದರೆ ಎಂದೊಡನೆ ಮನೆಗೆ ಬರುವವರು ಟಿಡಿಎಸ್ ಮೀಟರ್ ಅದ್ದಿ, ಅಂಕಿ ತೋರಿಸಿ, ಆರ್‌ಒ ಮಾರಲು ನೋಡುತ್ತಾರೆ. ಆ ಮೀಟರ್ ನೋಡುವುದು ನೀರು ಎಷ್ಟು ವಿದ್ಯುತ್ ಹಾಯಿಸುತ್ತದೆ ಎಂಬುದನ್ನಷ್ಟೇ. ಕರಗಿದ್ದು ಅಡುಗೆ ಉಪ್ಪೋ ಕ್ಯಾಲ್ಸಿಯಮ್ಮೋ ಅದಕ್ಕೆ ಗೊತ್ತಾಗುವುದಿಲ್ಲ. ಗಡಸುತನ ಅಳೆಯಲು ಪ್ರಯೋಗಾಲಯದಲ್ಲಿ ನೀರಿಗೆ ಒಂದು ಬಣ್ಣದ ಸೂಚಕ ಹಾಕಿ ಇಡಿಟಿಎ ದ್ರಾವಣವನ್ನು ಹನಿ ಹನಿಯಾಗಿ ಬಿಡುತ್ತಾರೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಪೂರ್ತಿ ಇಡಿಟಿಎಗೆ ಅಂಟಿದ ಹೊತ್ತಿಗೆ ನಸುಗೆಂಪು ನೀರು ಸ್ವಚ್ಛ ನೀಲಿಗೆ ತಿರುಗುತ್ತದೆ. ಮನೆಯಲ್ಲೇ ನೋಡಲು ಪರೀಕ್ಷಾ ಪಟ್ಟಿಗಳೂ ಸಿಗುತ್ತವೆ. ಅಡುಗೆಮನೆಯಲ್ಲಿ ಕೂತ ಆರ್‌ಒದಿಂದ ಬಚ್ಚಲಿನ ಗೀಸರಿಗೆ ಮೂರು ಕಾಸಿನ ಉಪಯೋಗವಿಲ್ಲ. ಉಪ್ಪಿನಿಂದ ನಡೆಯುವ ಸಾಫ್ಟ್‌ನರ್ ಕ್ಯಾಲ್ಸಿಯಂ ಹಿಡಿದು ಸೋಡಿಯಂ ಬಿಡುತ್ತದೆ, ಗೀಸರ್ ಉಳಿಯುತ್ತದೆ, ಟಿಡಿಎಸ್ ಅಂಕಿ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ.

ಕುಡಿಯುವ ನೀರಿನ ವಿಷಯದಲ್ಲಿ ಡಮ್ ಡಮ್‌ನವರು ತಲೆಕೆಡಿಸಿಕೊಳ್ಳಬೇಕಾದದ್ದು ಸುಣ್ಣದ ಬಗ್ಗೆ ಅಲ್ಲ, ಆರ್ಸೆನಿಕ್ ಬಗ್ಗೆ. ಡಮ್ ಡಮ್ ಇರುವ ಉತ್ತರ 24 ಪರಗಣ ಜಿಲ್ಲೆಯ ಅಂತರ್ಜಲದಲ್ಲಿ ಅದು ಹಲವೆಡೆ ಇದೆ. ಬಣ್ಣ, ರುಚಿ, ವಾಸನೆ ಯಾವುದೂ ಇಲ್ಲ, ಕುದಿಸಿದರೂ ಹೋಗದು. ಖಾಸಗಿ ಕೊಳವೆಬಾವಿ ಇರುವ ಕಟ್ಟಡದವರು ಗಡಸುತನದ ಪರೀಕ್ಷೆಗೆ ನೀರು ಕೊಡುವಾಗಲೇ ಆರ್ಸೆನಿಕ್ ಪರೀಕ್ಷೆಯನ್ನೂ ಮಾಡಿಸಲೇಬೇಕು.

ಗೀಸರಿಗೆ ದುಬಾರಿ ಉಪಾಯ ಬೇಕಿಲ್ಲ. ಥರ್ಮೋಸ್ಟಾಟ್ 60 ಡಿಗ್ರಿ ಮೀರದಂತೆ ಇಟ್ಟರೆ ಸುಣ್ಣ ಕಟ್ಟುವ ವೇಗ ಚೆನ್ನಾಗಿಯೇ ತಗ್ಗುತ್ತದೆ. ಚಳಿಗಾಲಕ್ಕೆ ಮುಂಚೆ ಮೆಕ್ಯಾನಿಕ್‌ನಿಂದ ಕಾಯಿಲ್ ಬಿಚ್ಚಿಸಿ ಬಿಸಿನೀರು, ಸಿಟ್ರಿಕ್ ಆಮ್ಲದ ಪುಡಿ ಬೆರೆಸಿದ ಬಕೆಟ್ಟಿನಲ್ಲಿ ಅದ್ದಿಡಿ. ಬುರುಬುರು ಗುಳ್ಳೆ ಏಳುತ್ತವೆ, ಚಕ್ಕೆ ಸಡಿಲವಾಗಿ ಉದುರುತ್ತದೆ. ಚಾಕು, ಸ್ಕ್ರೂಡ್ರೈವರ್ ತಂದು ಕೆರೆಯಲು ಬಿಡಬೇಡಿ, ಕವಚಕ್ಕೆ ಗೀರು ಬಿದ್ದರೆ ತುಕ್ಕಿಗೆ ದಾರಿಯಾಗುತ್ತದೆ. ಟ್ಯಾಂಕ್ ತುಕ್ಕು ಹಿಡಿಯದಂತೆ ತಾನು ಸವೆಯುತ್ತಾ ಬರುವ ಮೆಗ್ನೀಸಿಯಂ ಆನೋಡ್ ಕಡ್ಡಿಯೂ ಸಾಮಾನ್ಯವಾಗಿ ಕಾಯಿಲ್ ಪಕ್ಕದಲ್ಲೇ ಇರುತ್ತದೆ. ಅದು ತಂತಿಯಷ್ಟು ಸಣ್ಣಗಾಗಿದ್ದರೆ ಅದೇ ಕೈಯಲ್ಲಿ ಹೊಸದು ಹಾಕಿಸಿ.