ಸಹಿಸಿಕೊಳ್ಳಬೇಕಾದ ನೋವಲ್ಲ ಇದು

ಸಂಘ-ಸಂಸ್ಥೆಗಳ ಮಹಿಳಾ ವಿಭಾಗದವರು ಅರಸಿನ ಕುಂಕುಮ ಕಾರ್ಯಕ್ರಮದ ಜತೆಗೆ ಆರೋಗ್ಯ ಮಾಹಿತಿ ಶಿಬಿರವನ್ನೂ ಏರ್ಪಡಿಸುವುದು ಮುಂಬಯಿಯಲ್ಲಿ ಹೊಸತೇನಲ್ಲ. ಮಂಡಿನೋವು, ಸಕ್ಕರೆ ಕಾಯಿಲೆ, ರಕ್ತದೊತ್ತಡದ ಕುರಿತು ವೈದ್ಯರಿಗೆ ಪ್ರಶ್ನೆಗಳ ಸುರಿಮಳೆಯಾಗುತ್ತದೆ. ಆದರೆ ಒಂದು ನೋವಿನ ಬಗ್ಗೆ ಮಾತ್ರ ಯಾರೂ ಎದ್ದು ನಿಂತು ಕೇಳುವುದಿಲ್ಲ. ಅದು ಪತಿ-ಪತ್ನಿಯರ ದೈಹಿಕ ಮಿಲನದ ವೇಳೆ ಹೆಣ್ಣಿಗೆ ಆಗುವ ನೋವು. ತಾಯಿಗೆ ಹೇಳಲು ನಾಚಿಕೆ, ಗಂಡನಿಗೆ ಹೇಳಲು ಅಂಜಿಕೆ. 'ಹೆಣ್ಣಾದ ಮೇಲೆ ಇದೆಲ್ಲ ಇದ್ದದ್ದೇ' ಎಂಬ ಹಿರಿಯರ ಮಾತು ಬೇರೆ. ಹೀಗೆ ವರ್ಷಗಟ್ಟಲೆ ಮುಚ್ಚಿಟ್ಟ ನೋವು ಕ್ರಮೇಣ ಸಂಸಾರದಲ್ಲಿ ಬಿರುಕು ಮೂಡಿಸುವುದೂ ಇದೆ.

ವೈದ್ಯಶಾಸ್ತ್ರದಲ್ಲಿ ಇದಕ್ಕೆ ಡಿಸ್ಪರೂನಿಯಾ ಎಂದು ಹೆಸರು. ಇದು ನೆಪವೂ ಅಲ್ಲ, ಹಠವೂ ಅಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಚಿಕಿತ್ಸೆಯಿಂದ ಕಡಿಮೆಯಾಗುವಂಥದ್ದು.

ನೋವು ಎಲ್ಲಿ ಎಂಬುದೇ ಮೊದಲ ಸುಳಿವು. ಯೋನಿಯ ದ್ವಾರದಲ್ಲೇ ಉರಿ, ಚುಚ್ಚಿದಂತೆ ಆಗುತ್ತಿದ್ದರೆ ಒಣಗುವಿಕೆ, ಸೋಂಕು, ಚರ್ಮದ ತೊಂದರೆ ಅಥವಾ ಹೆರಿಗೆಯ ಹೊಲಿಗೆಯ ಗಾಯ ಕಾರಣವಿರಬಹುದು. ಒಳಗೆ, ಕಿಬ್ಬೊಟ್ಟೆಯ ಆಳದಲ್ಲಿ ನೋವಾಗುತ್ತಿದ್ದರೆ ಗರ್ಭಕೋಶದ ಸುತ್ತಲಿನ ಸೋಂಕು, ಅಂಡಾಶಯದ ಗಂಟು ಅಥವಾ ಎಂಡೊಮೆಟ್ರಿಯೋಸಿಸ್ ಇದೆಯೇ ಎಂದು ನೋಡಬೇಕಾಗುತ್ತದೆ. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಹೊರಗಡೆ ಬೆಳೆಯುವುದೇ ಎಂಡೊಮೆಟ್ರಿಯೋಸಿಸ್. ಮುಟ್ಟಿನ ದಿನಗಳಲ್ಲಿ ಏಳಲಾಗದಷ್ಟು ಹೊಟ್ಟೆನೋವು ಇದರ ಇನ್ನೊಂದು ಲಕ್ಷಣ.

ವಯಸ್ಸಿಗೆ ತಕ್ಕಂತೆ ಕಾರಣಗಳೂ ಬದಲಾಗುತ್ತವೆ. ಹೊಸದಾಗಿ ಮದುವೆಯಾದ ಕೆಲವರಲ್ಲಿ ಯೋನಿಯ ಸುತ್ತಲಿನ ಸ್ನಾಯುಗಳು ತಾವಾಗಿಯೇ ಬಿಗಿದುಕೊಳ್ಳುತ್ತವೆ. ವೆಜೈನಿಸ್ಮಸ್ ಎನ್ನುವ ಈ ಸ್ಥಿತಿ ಆಕೆಯ ಹತೋಟಿಯಲ್ಲಿ ಇರುವುದಿಲ್ಲ. ಭಯ, ಹಿಂದಿನ ಕಹಿ ಅನುಭವ, ಗೋಡೆಯಾಚೆ ಅತ್ತೆ-ಮಾವ ಮಲಗಿರುವ ಒಂದೇ ಕೋಣೆಯ ಮನೆಯ ಸಂಕೋಚ ಇವೆಲ್ಲ ಬಿಗಿತವನ್ನು ಹೆಚ್ಚಿಸಬಲ್ಲವು. ಬಾಣಂತಿಯರಲ್ಲಿ ಹಾಲೂಡಿಸುವ ತಿಂಗಳುಗಳಲ್ಲಿ ಈಸ್ಟ್ರೋಜನ್ ಹಾರ್ಮೋನು ಕುಗ್ಗಿ ಒಣಗುವಿಕೆ ಉಂಟಾಗುತ್ತದೆ. ಮುಟ್ಟು ನಿಂತವರಲ್ಲಿಯೂ ಇದೇ ಹಾರ್ಮೋನಿನ ಕೊರತೆಯಿಂದ ಒಳಚರ್ಮ ತೆಳುವಾಗಿ, ಮೂತ್ರದ ಉರಿಯೂ ಸೇರಿಕೊಳ್ಳಬಹುದು. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೆ ಶಿಲೀಂಧ್ರದ ಸೋಂಕು ಪದೇ ಪದೇ ಕಾಡುವುದುಂಟು.

ಚಿಕಿತ್ಸೆ ಕಾರಣವನ್ನು ಅವಲಂಬಿಸಿದೆ. ಒಣಗುವಿಕೆಗೆ ಔಷಧದಂಗಡಿಯಲ್ಲಿ ಸಿಗುವ ನೀರಿನ ಆಧಾರದ ಜೆಲ್ ಸಾಕಾಗಬಹುದು. ಕಾಂಡೋಮ್ ಬಳಸುವವರು ತೆಂಗಿನೆಣ್ಣೆ, ವ್ಯಾಸಲಿನ್ ಹಚ್ಚಬಾರದು. ಎಣ್ಣೆಯಿಂದ ರಬ್ಬರ್ ಹರಿಯುತ್ತದೆ. ಮುಟ್ಟು ನಿಂತವರಿಗೆ ವೈದ್ಯರು ಅಲ್ಪ ಪ್ರಮಾಣದ ಈಸ್ಟ್ರೋಜನ್ ಕ್ರೀಮ್ ನೀಡುತ್ತಾರೆ. ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರು ಇದನ್ನು ಬಳಸುವ ಮುನ್ನ ಕ್ಯಾನ್ಸರ್ ತಜ್ಞರನ್ನು ಕೇಳಲೇಬೇಕು. ಸೋಂಕಿಗೆ ಔಷಧವಿದೆ, ಕೆಲವು ಸೋಂಕುಗಳಲ್ಲಿ ಗಂಡನೂ ಔಷಧ ತೆಗೆದುಕೊಳ್ಳದಿದ್ದರೆ ಅದು ಮರಳಿ ಬರುತ್ತದೆ. ಸ್ನಾಯು ಬಿಗಿತಕ್ಕೆ ಫಿಸಿಯೋಥೆರಪಿ, ನಿಧಾನ ಉಸಿರಾಟ, ಹಂತಹಂತವಾಗಿ ಬಳಸುವ ಡೈಲೇಟರ್ ಹಾಗೂ ಆಪ್ತಸಲಹೆ ನೆರವಾಗುತ್ತವೆ. ಇಲ್ಲಿ ಸ್ನಾಯುಗಳನ್ನು ಸಡಿಲಿಸಲು ಕಲಿಯುವುದೇ ಮುಖ್ಯ. ಯಾರೋ ಹೇಳಿದರೆಂದು ಬಿಗಿಗೊಳಿಸುವ ವ್ಯಾಯಾಮ ಮಾಡಿದರೆ ನೋವು ಹೆಚ್ಚಬಹುದು. ಯೋನಿಯ ಒಳಭಾಗವನ್ನು ಸೋಪು, ಡೆಟಾಲ್‌ನಿಂದ ತೊಳೆಯುವ ರೂಢಿಯನ್ನಂತೂ ಬಿಡಲೇಬೇಕು.

ಮಿಲನದ ಬಳಿಕ ರಕ್ತ ಕಾಣಿಸಿದರೆ, ಮುಟ್ಟು ನಿಂತು ವರ್ಷ ಕಳೆದ ಮೇಲೆ ರಕ್ತಸ್ರಾವವಾದರೆ, ದುರ್ವಾಸನೆಯ ಬಿಳಿ ಸೆರಗು ಅಥವಾ ಜ್ವರವಿದ್ದರೆ ತಡ ಮಾಡಕೂಡದು. ಇವುಗಳಲ್ಲಿ ಕೆಲವು ಗರ್ಭಕೊರಳಿನ ಕ್ಯಾನ್ಸರಿನ ಸೂಚನೆಯೂ ಆಗಿರಬಹುದು. ಯಾವ ತೊಂದರೆ ಇಲ್ಲದಿದ್ದರೂ 30ರಿಂದ 65 ವರ್ಷದ ಮಹಿಳೆಯರು 5 ವರ್ಷಕ್ಕೊಮ್ಮೆ ಇದರ ತಪಾಸಣೆ ಮಾಡಿಸಿಕೊಳ್ಳಬೇಕೆಂದು ಕೇಂದ್ರ ಸರಕಾರದ 2016ರ ಮಾರ್ಗಸೂಚಿ ಹೇಳಿದೆ.

ಊರು ಬಿಟ್ಟು ಬಂದ ನಮ್ಮ ಹೆಣ್ಣುಮಕ್ಕಳಿಗೆ ಭಾಷೆಯದ್ದೂ ಒಂದು ತೊಡಕು. ತರಕಾರಿ ಕೊಳ್ಳುವಷ್ಟು ಹಿಂದಿ, ಮರಾಠಿ ಬಂದರೂ ಈ ನೋವನ್ನು ವಿವರಿಸುವ ಮಾತು ನಾಲಗೆಗೆ ಬರುವುದಿಲ್ಲ. ಮಗಳನ್ನೋ ಸೊಸೆಯನ್ನೋ ಕರೆದೊಯ್ದರೆ ಬಾಯಿ ಇನ್ನಷ್ಟು ಕಟ್ಟುತ್ತದೆ. ಅಂಥವರು ನೋವು ಎಲ್ಲಿ, ಎಂದಿನಿಂದ, ಯಾವಾಗ ಹೆಚ್ಚು ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಬಹುದು. ಪರೇಲಿನ ಕೆಇಎಂ, ಸಯನ್, ನಾಯರ್, ಕೂಪರ್ ಮುಂತಾದ ಪಾಲಿಕೆ ಆಸ್ಪತ್ರೆಗಳಲ್ಲಿ ಸ್ತ್ರೀರೋಗ ವಿಭಾಗವಿದೆ. ಮಹಿಳಾ ವೈದ್ಯರೇ ಪರೀಕ್ಷಿಸಲಿ ಎಂದು ಕೇಳಿಕೊಳ್ಳುವುದರಲ್ಲಿ ತಪ್ಪಿಲ್ಲ. ಪರೀಕ್ಷೆಯಲ್ಲಿ ನೋವಾದರೆ 'ನಿಲ್ಲಿಸಿ' ಎನ್ನುವ ಹಕ್ಕೂ ಆಕೆಗಿದೆ.

ಗಂಡಂದಿರಿಗೂ ಒಂದು ಮಾತು. ಹೆಂಡತಿ 'ಬೇಡ' ಎಂದರೆ ಅದು ಉಪೇಕ್ಷೆ ಎಂದು ಮುನಿಸಿಕೊಳ್ಳುವ ಮುನ್ನ 'ನೋವಾಗುತ್ತದೆಯೇ?' ಎಂದು ಕೇಳಿ. ನೋವಿದ್ದೂ ಬಲವಂತಪಡಿಸಿದರೆ ಮುಂದಿನ ಬಾರಿ ದೇಹ ಮೊದಲೇ ಹೆದರಿ ಇನ್ನಷ್ಟು ಬಿಗಿಯಾಗುತ್ತದೆ. ವೈದ್ಯರಲ್ಲಿಗೆ ಜತೆಯಲ್ಲಿ ಹೋಗುವ ಗಂಡನಿಂದ ಅರ್ಧ ಧೈರ್ಯ ಬಂದಂತೆ.

ಸಂಘಗಳೂ ಮನಸ್ಸು ಮಾಡಬಹುದು. ಮುಂದಿನ ಆರೋಗ್ಯ ಶಿಬಿರಕ್ಕೆ ಕನ್ನಡ ಬಲ್ಲ ಸ್ತ್ರೀರೋಗ ತಜ್ಞೆಯೊಬ್ಬರನ್ನು ಕರೆಸಿ, ಬಾಗಿಲು ಮುಚ್ಚುವ ಒಂದು ಕೋಣೆ ಮತ್ತು ಹೆಸರು ಬರೆಯದೆ ಪ್ರಶ್ನೆ ಹಾಕುವ ಒಂದು ಡಬ್ಬ ಇಟ್ಟರೆ ಸಾಕು. ಸಭಾಗೃಹದಲ್ಲಿ ಎದ್ದು ನಿಂತು ಕೇಳಲಾಗದವರು ಆ ಡಬ್ಬದಲ್ಲಿ ಚೀಟಿ ಹಾಕಿಯಾರು.